ಕೋಳಿಗೆ ಮಲಗಲು ಸ್ಕೂಟರೇ ಬೇಕಂತೆ

ಹೋದ ಡಿಸೆಂಬರಿನಲ್ಲಿ ಸಂಜೆ ಆರರಿಂದ ಏಳರ ನಡುವೆ ಯಾರು ಫೋನ್ ಮಾಡಿದರೂ ನಾನು ಎತ್ತುತ್ತಿರಲಿಲ್ಲ. ಇವಳಿಗೇನೋ ಸೊಕ್ಕು ಬಂದಿದೆ ಅಂತ ನೆಂಟರಲ್ಲಿ ಮಾತಾಯಿತು. ನಿಜ ಏನೆಂದರೆ, ಆ ಹೊತ್ತಿಗೆ ನನ್ನ ಎರಡೂ ಕಂಕುಳಲ್ಲಿ ಒಂದೊಂದು ಕೋಳಿ ಇರುತ್ತಿತ್ತು. ಟಾರ್ಚ್ ಹಾಕಿದ ಮೊಬೈಲು ಬಾಯಲ್ಲಿರುತ್ತಿತ್ತು. ಹಲ್ಲಿನಲ್ಲಿ ಕಚ್ಚಿಕೊಂಡ ಮೊಬೈಲು ಗುರ್ರ್ ಅಂತ ನಡುಗಿದರೆ ತಲೆಬುರುಡೆಯವರೆಗೂ ಝುಮ್ಮೆನ್ನುತ್ತದೆ. ಬೇಕಿದ್ದರೆ ನೀವೂ ಒಮ್ಮೆ ನೋಡಿ.

ಹಾಸನದ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಎರಡು ತೆಂಗಿನಮರ, ಒಂದು ನುಗ್ಗೆಮರ, ಒಂದು ಬಟ್ಟೆ ಒಗೆಯುವ ಕಲ್ಲು. ಮಿಕ್ಕಿದ್ದೆಲ್ಲ ಕಳೆ. ದಸರಾ ರಜೆಯಲ್ಲಿ ನಮ್ಮವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯ ಆಯಿತು. 'ಒಂದು ಮೊಟ್ಟೆಗೆ ಏಳು ರೂಪಾಯಿ ಕೊಡೋ ಬದಲು ನಾವೇ ಯಾಕೆ ಕೋಳಿ ಸಾಕಬಾರದು?' ಅಂದರು. ಮಾರನೇ ದಿನವೇ ವೆಲ್ಡಿಂಗ್ ಅಂಗಡಿಗೆ ಹೋಗಿ ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಮೆಶ್, ಮೇಲೆ ಶೀಟು ಇರುವ ಗೂಡು ಮಾಡಿಸಿದರು. 14,000 ರೂಪಾಯಿ. ಅಂದರೆ 2,000 ಮೊಟ್ಟೆ. ಲೆಕ್ಕ ನನ್ನ ಬಾಯಿಂದ ಹೊರಗೆ ಬಂತು, ಅವರ ಕಿವಿಯೊಳಗೆ ಮಾತ್ರ ಹೋಗಲಿಲ್ಲ.

ಗೂಡಿನ ಹಿಂದೆಯೇ ಕೋಳಿಗಳೂ ಬಂದವು. ಮೂರು ತಿಂಗಳ ಮರಿಗಳು, ಒಟ್ಟು ಎಂಟು. ನಾಲ್ಕು ನಾಟಿ ಹೇಂಟೆ, ಒಂದು ನಾಟಿ ಹುಂಜ, ಮೂರು ಗಿರಿರಾಜ. ಗಿರಿರಾಜ ಅಂದರೆ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ರೂಪಿಸಿದ ತಳಿ, 1989ರಲ್ಲಿ ಬಂದಿದ್ದು. ನಾನೂ ಅದೇ ವರ್ಷ ಬಂದವಳು. ಇಬ್ಬರದೂ ದಪ್ಪ ಮೈ, ಇಬ್ಬರಿಗೂ ಹತ್ತುವುದು ಇಳಿಯುವುದು ಅಂದರೆ ಆಗದು. ನಾಟಿಗಳ ಕಥೆ ಬೇರೆ. ಅವಕ್ಕೆ ರೆಕ್ಕೆ ಇರುವುದೇ ನಮ್ಮ ಮಾನ ಕಳೆಯಲಿಕ್ಕೆ.

ಮೊದಲ ಸಂಜೆ ಗೂಡಿನ ಬಾಗಿಲು ತೆರೆದಿಟ್ಟು ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ಕೂತೆವು, ಗೃಹಪ್ರವೇಶಕ್ಕೆ ಕಾದವರ ಹಾಗೆ. ಹೊತ್ತು ಮುಳುಗಿತು. ನಾಟಿ ಹೇಂಟೆಗಳು ಒಂದರ ಹಿಂದೊಂದು ಗೂಡಿನ ಬಾಗಿಲವರೆಗೂ ಬಂದವು. ಒಳಗೆ ಇಣುಕಿದವು. ಆಮೇಲೆ ಗೂಡಿನ ಶೀಟಿನ ಮೇಲೆ ಹಾರಿ, ಅಲ್ಲಿಂದ ನುಗ್ಗೆಮರಕ್ಕೆ ಹಾರಿ, ಕೊಂಬೆಯ ಮೇಲೆ ಸಾಲಾಗಿ ಕೂತವು. 14,000 ರೂಪಾಯಿಯ ಗೂಡು ಅವಕ್ಕೆ ಮರ ಹತ್ತುವ ಮೆಟ್ಟಿಲಾಯಿತು. ಹುಂಜ ಸ್ಕೂಟರಿನ ಸೀಟು ಹತ್ತಿತು. ಗಿರಿರಾಜ ಮೂರೂ ಬಟ್ಟೆ ಕಲ್ಲಿನ ಪಕ್ಕ ಒಂದಕ್ಕೊಂದು ಒತ್ತಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಕೊನೇ ಬಸ್ ತಪ್ಪಿದವರ ಹಾಗೆ ಕುಕ್ಕರಿಸಿದವು.

ಬೇಲಿಯಾಚೆಯ ಮನೆಯ ಅಜ್ಜಿ ಇದನ್ನೆಲ್ಲ ನೋಡುತ್ತ ನಿಂತಿದ್ದರು.

"ಗೂಡು ಗೂಡಿನಂಗಿದ್ರೆ ಅವೇ ಬತ್ತವೆ ಕಣವ್ವ. ನಮ್ಮವ ನೋಡು, ನಾನು ಕರೆಯೋದೂ ಇಲ್ಲ."

ನಿಜವೇ. ಅವರ ಹಳೇ ಕೊಟ್ಟಿಗೆಯ ಮೂಲೆಗೆ ಅವರ ಕೋಳಿಗಳು ಗಂಟೆ ಹೊಡೆದಂತೆ ಹೋಗಿ ಸೇರುತ್ತಿದ್ದವು. ಅದನ್ನು ಅಜ್ಜಿ ದಿನಾ ಸಂಜೆ ನನಗೆ ನೆನಪಿಸುತ್ತಿದ್ದರು. ಮಕ್ಕಳ ಮಾರ್ಕ್ಸ್ ಹೇಳಿಕೊಳ್ಳುವವರನ್ನು ನಾನು ತಡೆದುಕೊಂಡಿದ್ದೇನೆ. ಕೋಳಿಯ ಶಿಸ್ತು ಹೇಳಿಕೊಳ್ಳುವವರನ್ನು ತಡೆದುಕೊಳ್ಳುವುದು ಅದಕ್ಕಿಂತ ಕಷ್ಟ.

ಮಗಳು ಮೊಬೈಲಿನಲ್ಲಿ ಹುಡುಕಿ ಕಾರಣ ಹೇಳಿದಳು. ಸಾಕುಕೋಳಿಗಳ ಮೂಲ ಕೆಂಪು ಕಾಡುಕೋಳಿ, ಅದು ರಾತ್ರಿ ಮರದ ಮೇಲೇ ಮಲಗುವುದು. ಸಕಲೇಶಪುರದ ಕಡೆ ಕಾಡಲ್ಲಿ ಕಾಣುವ ಬೂದು ಕಾಡುಕೋಳಿಯದೂ ಅದೇ ಅಭ್ಯಾಸ. ನೆಲದ ಮೇಲೆ ಮಲಗಿದರೆ ಯಾರೋ ತಿನ್ನುತ್ತಾರೆ ಅಂತ ಅವಕ್ಕೆ ಹುಟ್ಟಾ ಗೊತ್ತು. 'ವಂಶದ ಬುದ್ಧಿ ಎಲ್ಲಿ ಹೋಗುತ್ತೆ' ಅಂದರು ಅತ್ತೆ. ಈ ಮಾತನ್ನು ಅವರು ನನ್ನನ್ನು ಬಿಟ್ಟು ಬೇರೆಯವರಿಗೆ ಹೇಳಿದ್ದು ಅದೇ ಮೊದಲು.

ಆದರೆ ಮರದ ಮೇಲೆ ಬಿಡುವ ಹಾಗಿರಲಿಲ್ಲ. ನಮ್ಮ ಕಡೆ ರಾತ್ರಿ ಹೊತ್ತು ಕಾಡುಬೆಕ್ಕು ಓಡಾಡುತ್ತದೆ. ಅದಕ್ಕೆ ನುಗ್ಗೆಮರ ಅಂದರೆ ನಮಗೆ ಮೆಟ್ಟಿಲಿದ್ದಂತೆ. ಹಾಗಾಗಿ ನಮ್ಮವರು ಏಣಿ ಹಾಕಿದರು. ಏಣಿ ಮುಗಿದ ಮೇಲೆ ಕೊಂಬೆಗೆ ಕಾಲಿಟ್ಟರು. ನುಗ್ಗೆ ಕೊಂಬೆ ಎಷ್ಟು ಸುಲಭವಾಗಿ ಮುರಿಯುತ್ತದೆ ಅಂತ ಹಳ್ಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ನಮ್ಮವರು ಹಳ್ಳಿಯಲ್ಲೇ ಹುಟ್ಟಿದವರು. ಆದರೂ ಇಟ್ಟರು. ಲಟಕ್ ಅಂತ ಸದ್ದಾಯಿತು. ಕೆಳಗೆ ಗೊಬ್ಬರದ ಗುಂಡಿ ಇದ್ದದ್ದರಿಂದ ಕಾಲು ಉಳುಕಿದ್ದಷ್ಟೇ. ಕೋಳಿಗಳು ಪಕ್ಕದ ಕೊಂಬೆಗೆ ಸರಿದು ಕೂತು, ತಲೆ ಓರೆ ಮಾಡಿ ಕೆಳಗೆ ನೋಡಿದವು.

ಮಾರನೇ ದಿನ ಆಫೀಸಿನಲ್ಲಿ ಕುಂಟುವುದನ್ನು ನೋಡಿದವರು ಏನಾಯಿತು ಸಾರ್ ಅಂತ ಕೇಳಿದರಂತೆ. ಕೋಳಿ ಇಳಿಸಲಿಕ್ಕೆ ಮರ ಹತ್ತಿದ್ದೆ ಅಂದರಂತೆ ಇವರು.

"ಇಳೀತಾ ಸಾರ್?"

ಕಾಲಿನ ವಿಚಾರ ಯಾರೂ ಕೇಳಲಿಲ್ಲವಂತೆ.

ಹುಂಜದ್ದು ಬೇರೆಯೇ ಗೋಳು. ಅದು ದಿನಾ ಸ್ಕೂಟರಿನ ಮೇಲೇ. ಕೋಳಿ ಮಲಗಿದ ಮೇಲೂ ಅದರ ಹಿಂಭಾಗ ಡ್ಯೂಟಿಯಲ್ಲಿರುತ್ತದೆ ಅನ್ನುವುದು ನಮಗೆ ಗೊತ್ತಾದದ್ದು ಒಂದು ಭಾನುವಾರ. ನಮ್ಮವರು ಬಿಳಿ ಪಂಚೆ ಉಟ್ಟು, ಬೆಳಗಿನ ಮಬ್ಬಿನಲ್ಲೇ ಒಂದು ಗೃಹಪ್ರವೇಶಕ್ಕೆ ಹೊರಟರು. ಸೀಟು ನೋಡದೆ ಕೂತರು. ಅಲ್ಲಿ ಹೋಮ ಮುಗಿದು, ಊಟ ಮುಗಿದು, ತಾಂಬೂಲ ತೆಗೆದುಕೊಂಡು ವಾಪಸು ಬರುವವರೆಗೂ ಒಬ್ಬರೂ ಹೇಳಲಿಲ್ಲ. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಮನೆಗೆ ಬಂದಾಗ ನಾನು ಹಿಂದಿನಿಂದ ನೋಡಿ, ನಾನೂ ಸ್ವಲ್ಪ ಹೊತ್ತು ಹೇಳಲಿಲ್ಲ.

ಸ್ಕೂಟರಿಗೆ ಕವರ್ ಹಾಕಿದೆವು. ಕವರ್ ಜಾರುತ್ತಿತ್ತು ಅಂತ ಕಾಣುತ್ತದೆ, ಹುಂಜ ಕನ್ನಡಿಯ ಮೇಲೇರಿ ಕೂತಿತು. ಈಗ ಅದಕ್ಕೆ ಮುಖ ನೋಡಿಕೊಳ್ಳುವ ಅನುಕೂಲವೂ ಆಯಿತು.

ಗೂಡಿನೊಳಗೆ ಕೂರಲು ಏನೂ ಇಲ್ಲದಿದ್ದರೆ ಅವು ಯಾಕಾದರೂ ಬಂದಾವು ಅಂತ ಹೊಳೆದದ್ದು ಎರಡು ವಾರ ಕಳೆದ ಮೇಲೆ. ಅಡ್ಡ ಒಂದು ಗಳ ಬೇಕು. ಮನೆ ಕಟ್ಟಿಸಿದಾಗ ಉಳಿದ ಒಂದಿಂಚಿನ ಪಿವಿಸಿ ಪೈಪ್ ಇತ್ತು. ನಮ್ಮವರಿಗೆ ಉಳಿದ ವಸ್ತು ಉಪಯೋಗಕ್ಕೆ ಬಂದರೆ ಲಾಟರಿ ಹೊಡೆದಷ್ಟು ಖುಷಿ. ಪೈಪನ್ನು ಗೂಡಿನ ಆ ಕಡೆಯಿಂದ ಈ ಕಡೆಗೆ ಕಟ್ಟಿದರು. ಕತ್ತಲಾದ ಮೇಲೆ ಚುಕ್ಕಿ ಅನ್ನುವ ನಾಟಿಯನ್ನು ಎತ್ತಿ ತಂದು ಅದರ ಮೇಲೆ ಕೂರಿಸಿದೆ. ಒಂದು ಕ್ಷಣ ಕೂತಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ವಾಲಿತು. ಬೆರಳು ಬಿಗಿಹಿಡಿದಷ್ಟೂ ಜಾರಿತು. ಕೊನೆಗೆ ಬಾವಲಿಯ ಹಾಗೆ ತಲೆಕೆಳಗಾಗಿ ಒಂದು ಗಳಿಗೆ ನೇತಾಡಿ ಧೊಪ್ಪೆಂದಿತು. ಮಗಳು ನಗುತ್ತ ನೆಲಕ್ಕೆ ಕೂತಳು. ಚುಕ್ಕಿ ಮಾತ್ರ ಆವತ್ತಿನಿಂದ ಗೂಡಿನ ಆ ಮೂಲೆಗೆ ಹೋಗುವುದಿಲ್ಲ.

ಆಮೇಲೆ ಬಿದಿರು ಗಳ. ಇದಕ್ಕೆ ತುದಿಯಲ್ಲಿ ಮೊಳೆ ಹೊಡೆಯುವುದು ಮರೆತಿತ್ತು, ಸುಮ್ನೆ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟಿದ್ದರು. ಐದು ಕೋಳಿ ಸರಿಯಾಗಿಯೇ ಮಲಗಿದ್ದವು. ರಾತ್ರಿ ಹನ್ನೆರಡರ ಸುಮಾರಿಗೆ ಯಾವುದೋ ಒಂದು ಮಗ್ಗುಲಿಗೆ ಸರಿದಿರಬೇಕು. ಗಳ ಉರುಳಿತು. ಆ ಗಲಾಟೆಗೆ ಬೀದಿಯ ನಾಯಿಗಳು ಎದ್ದವು, ನಾಯಿಗಳ ಗಲಾಟೆಗೆ ಬೀದಿ ಎದ್ದಿತು. ಬೇಲಿಯಾಚೆ ಅಜ್ಜಿ ಟಾರ್ಚ್ ಬಿಟ್ಟು ಕೂಗಿದರು.

"ಕಳ್ಳ ಏನವ್ವಾ?"

"ಇಲ್ಲ ಅಜ್ಜಿ. ಬಿದಿರು."

ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಕೋಳಿಗಳನ್ನು ಪಶು ಆಸ್ಪತ್ರೆಗೆ ಒಯ್ದಾಗ ಅಲ್ಲಿನ ಡಾಕ್ಟರ ಹತ್ತಿರ ನಾನು ನಮ್ಮ ಸಂಸಾರದ ಕಷ್ಟವನ್ನೆಲ್ಲ ಹೇಳಿಕೊಂಡೆ. ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ. ಗುಂಡನೆಯ ನುಣ್ಣನೆ ಪೈಪು ಬೇಡ, ಎರಡಿಂಚು ಅಗಲದ ಮರದ ಪಟ್ಟಿ ಹಾಕಿ, ಅಂಚು ಮಾತ್ರ ಉಜ್ಜಿ ದುಂಡಗೆ ಮಾಡಿ ಅಂದರು. ಕೋಳಿ ಅದರ ಮೇಲೆ ಕಾಲು ಮಡಚಿ, ಎದೆ ಊರಿ ಕೂರುತ್ತದೆ. ಒಂದು ಕೋಳಿಗೆ ಎಂಟರಿಂದ ಹತ್ತಿಂಚು ಜಾಗ. ಗಿರಿರಾಜಗಳಿಗೆ ತಗ್ಗಿನಲ್ಲೇ ಹಾಕಬೇಕು, ಆ ಭಾರದಲ್ಲಿ ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟು. ಮೊಟ್ಟೆ ಇಡುವ ಪೆಟ್ಟಿಗೆ ಎಲ್ಲಕ್ಕಿಂತ ಕೆಳಗಿರಬೇಕು.

ಕೊನೆಯ ಮಾತು ಕೇಳಿ ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಮೊಟ್ಟೆ ಇಡುವ ವಯಸ್ಸಿಗೆ ಮುಂಚೆಯೇ ಇವರು ಪೆಟ್ಟಿಗೆ ಮಾಡಿಸಿ, ಗೂಡಿನಲ್ಲೇ ಎತ್ತರದ ಜಾಗದಲ್ಲಿ ಕೂರಿಸಿ, ಹತ್ತಲಿಕ್ಕೆ ಒಂದು ಹಲಗೆಯನ್ನೂ ಒರಗಿಸಿದ್ದರು. ಕೋಳಿಗೆ ಎತ್ತರ ಎಲ್ಲಿದೆಯೋ ಅದೇ ಮಲಗುವ ಕೋಣೆ. ನಮ್ಮ ಮೂರು ಗಿರಿರಾಜಗಳು ಒಂದು ವಾರದಿಂದ ಅದೊಂದೇ ಪೆಟ್ಟಿಗೆಯಲ್ಲಿ ಮಲಗಿ, ಅದನ್ನು ಏನು ಮಾಡಿಟ್ಟಿದ್ದವು ಅಂತ ತೊಳೆದ ನನಗೆ ಗೊತ್ತು.

ಡಾಕ್ಟರು ಹೇಳಿದ್ದರಲ್ಲಿ ಒಂದನ್ನು ನಮ್ಮವರು ಪಾಲಿಸಲಿಲ್ಲ. ಎಲ್ಲ ಪಟ್ಟಿಯೂ ಒಂದೇ ಎತ್ತರದಲ್ಲಿರಲಿ ಅಂದಿದ್ದರು, ಗಿರಿರಾಜಗಳದ್ದು ಬಿಟ್ಟು. ಇವರಿಗೆ ಮುರಿದ ಹಳೇ ಏಣಿ ಕಣ್ಣಿಗೆ ಬಿತ್ತು. ಅದನ್ನೇ ಗೂಡಿನೊಳಗೆ ಒರಗಿಸಿದರು. ಆ ಸಂಜೆ ನಡೆದದ್ದು ಪಂಚಾಯಿತಿ ಚುನಾವಣೆ. ಎಲ್ಲಕ್ಕೂ ಮೇಲಿನ ಮೆಟ್ಟಿಲೇ ಬೇಕು. ಹುಂಜ ಮೇಲೇರಿತು. ಅದರ ಪಕ್ಕ ಬೂದಿ ಅನ್ನುವ ಹೇಂಟೆ. ಮಿಕ್ಕವು ಹತ್ತಲು ಹೋದರೆ ತಲೆಗೆ ಕುಟುಕು. ಸೋತವು ಕೆಳಗಿನ ಮೆಟ್ಟಿಲಲ್ಲಿ ಕೂತು, ರಾತ್ರಿಯೆಲ್ಲ ಮೇಲಿನವರ ಪ್ರಸಾದ ಸ್ವೀಕರಿಸಿದವು.

ಕೋಳಿಗಳ ನಡುವಿನ ಈ ಮೇಲು ಕೀಳನ್ನು ನಾರ್ವೆಯ ಶೆಲ್ಡೆರುಪ್-ಎಬ್ಬೆ ಅನ್ನುವವರು ಚಿಕ್ಕಂದಿನಿಂದ ಕೋಳಿ ನೋಡಿ ನೋಡಿ, 1921ರ ಹೊತ್ತಿಗೇ ಬರೆದಿಟ್ಟಿದ್ದಾರೆ ಅಂತ ಮಗಳು ಓದಿ ಹೇಳಿದಳು. ಯಾರು ಯಾರನ್ನು ಕುಟುಕಬಹುದು ಅನ್ನುವುದಕ್ಕೆ ಅವುಗಳಲ್ಲೇ ಒಂದು ಪಟ್ಟಿ ಇರುತ್ತದಂತೆ. ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ನಾವು ಐದು ಜನ ಓರಗಿತ್ತಿಯರು ಒಂದೇ ಮನೆಯಲ್ಲಿದ್ದೆವು" ಅಂದರು.

ಕೊನೆಗೆ ಬಡಗಿಯ ಹತ್ತಿರ ಹೋದೆವು. ಸಿಲ್ವರ್ ಓಕಿನ ರೀಪರ್, ಅಂದರೆ ಮರದ ಪಟ್ಟಿ, ಅಳತೆಗೆ ಕೊಯ್ದು, ಅಂಚು ಉಜ್ಜಿ ಕೊಟ್ಟ. ಏನಕ್ಕೆ ಸಾರ್ ಇದು ಅಂತ ಕೇಳಿದ. ಕೋಳಿ ಮಲಗಲಿಕ್ಕೆ ಅಂದರು. ಒಂದು ನಿಮಿಷ ಸುಮ್ಮನಿದ್ದು, ತುಂಬ ಮರ್ಯಾದೆಯಿಂದ ಕೇಳಿದ, "ಪಾಲಿಶ್ ಹಾಕ್ಲಾ?"

ನಾಟಿಗಳಿಗೆ ಎರಡೂವರೆ ಅಡಿ ಎತ್ತರದಲ್ಲಿ, ಗಿರಿರಾಜಗಳಿಗೆ ಒಂದಡಿ ಎತ್ತರದಲ್ಲಿ ರೀಪರ್ ಹೊಡೆದದ್ದಾಯಿತು. ಈ ಸಲ ಮೊಳೆಯ ಜೊತೆಗೆ. ಪೆಟ್ಟಿಗೆ ನೆಲಕ್ಕಿಳಿಯಿತು. ಅಭ್ಯಾಸವಾಗಲಿ ಅಂತ ಐದು ದಿನ ಗೂಡಿನಲ್ಲೇ ಕೂಡಿ ಹಾಕಿದೆವು. ಹುಂಜ ಆ ಐದೂ ದಿನ ಬೆಳಗಿನ ಮೂರು ಗಂಟೆಯಿಂದಲೇ ತನ್ನ ಅಹವಾಲು ಸಲ್ಲಿಸಿತು. ಆರನೇ ದಿನ ಬಾಗಿಲು ತೆರೆದೆವು. ಸಂಜೆ ಅವು ನೆಟ್ಟಗೆ ಮರಕ್ಕೆ ಹೋದವು.

ಆಗ ಶುರುವಾದದ್ದೇ ನನ್ನ ಕಂಕುಳ ಸೇವೆ. ನುಗ್ಗೆಯ ಕೊಂಬೆಗಳನ್ನು ಮೊದಲು ಕೈಗೆ ಎಟಕುವಷ್ಟಕ್ಕೆ ಸವರಿಸಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಮಂದ. ಅತ್ತೆಯ ಮಾತಿನಲ್ಲಿ ಇರುಳುಗಣ್ಣು. ಪೂರ್ತಿ ಕತ್ತಲಾದ ಮೇಲೆ ಹಿಡಿದರೆ ಕೊಸರಾಡುವುದಿಲ್ಲ, ಕೂರಿಸಿದಲ್ಲೇ ಕೂರುತ್ತದೆ. ಹತ್ತು ಹನ್ನೆರಡು ರಾತ್ರಿ ಮಾಡಿದರೆ ಬುದ್ಧಿ ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ನಾನು ದಿನಾ ಬೇತಾಳನನ್ನು ಹೊತ್ತು ತರುವುದು, ಮಾರನೇ ಸಂಜೆ ಅದು ಮತ್ತೆ ಮರ ಏರುವುದು. ನಡುವೆ ಕಥೆ ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ಬಲ್ಬಿನ ಉಪಾಯ ಮಗಳದು. ಹೊರಗೆ ಮಬ್ಬಾಗುವಾಗ ಗೂಡಿನೊಳಗೆ ಸಣ್ಣ ಬೆಳಕಿದ್ದರೆ ಅವು ಕಾಣುವ ಕಡೆಗೇ ಬರುತ್ತವೆ ಅಲ್ವಾ ಅಂದಳು. ಹಚ್ಚಿದೆವು. ಬಂದವು! ಒಂದೊಂದಾಗಿ ಒಳಗೆ ಹೋದವು. ನಾವು ಉಸಿರು ಬಿಗಿಹಿಡಿದು ನಿಂತೆವು. ಅಷ್ಟರಲ್ಲಿ ಕರೆಂಟು ಹೋಯಿತು. ರೀಪರಿಗೆ ಹಾರಲು ಕಾಲು ಮಡಚಿದ್ದ ಚುಕ್ಕಿ ಕತ್ತಲಲ್ಲೇ ಹಾರಿ, ನೀರಿನ ಬಕೆಟ್ಟಿನಲ್ಲಿ ಇಳಿಯಿತು. ಮಿಕ್ಕವು ನಿಂತಲ್ಲೇ ಕಲ್ಲಾದವು. ಮಾರನೇ ದಿನ ಚಾರ್ಜಿನ ಬಲ್ಬು ತಂದೆವು. ಇನ್ನೂ 40 ಮೊಟ್ಟೆ.

ಜನವರಿಯ ಎರಡನೇ ವಾರ, ಸಂಕ್ರಾಂತಿಗೆ ಎಳ್ಳು ಬೆಲ್ಲ ಕಲಸುತ್ತ ಕೂತಿದ್ದೆ. ಹೊರಗೆ ಕತ್ತಲಾಗಿತ್ತು. ಗೂಡಿನ ಹತ್ತಿರದಿಂದ ನಮ್ಮವರು ಪಿಸುದನಿಯಲ್ಲಿ ಕರೆದರು. 'ಬಾರೇ ಇಲ್ಲಿ. ಯಾರೂ ಎತ್ತಿ ಇಟ್ಟಿಲ್ಲ. ಅವೇ ಹೋಗಿವೆ!' ನಾನು ಕೈ ಒರೆಸಿಕೊಂಡು ಓಡಿದೆ. ಸ್ಕೂಟರ್ ಖಾಲಿ. ನುಗ್ಗೆಮರ ಖಾಲಿ. ಮೆಶ್ಶಿನ ಒಳಗೆ ಮೇಲಿನ ರೀಪರಿನ ತುಂಬ ರೆಕ್ಕೆ ಉಬ್ಬಿಸಿ ಕೂತ ಉಂಡೆಗಳು. ಕೆಳಗೆ ಮೂರು ದೊಡ್ಡ ಉಂಡೆಗಳು. ನಮ್ಮವರು ಬೆರಳು ಮಡಚಿ ಎಣಿಸಿದರು. ನಿಲ್ಲಿಸಿ ಇನ್ನೊಮ್ಮೆ ಎಣಿಸಿದರು.

"ನಮ್ಮದು ಎಷ್ಟು ಕಣೇ?"

"ಎಂಟು."

"ಇಲ್ಲಿ ಒಂಬತ್ತಿವೆ."

ಬೇಲಿಯಾಚೆ ಟಾರ್ಚ್ ಅತ್ತಿಂದಿತ್ತ ಓಡಾಡುತ್ತಿತ್ತು. ಬಾ ಬಾ ಬಾ ಅಂತ ಅಜ್ಜಿ ಕರೆಯುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಟಾರ್ಚು ನಮ್ಮ ಕಡೆ ತಿರುಗಿತು.

"ಏನವ್ವಾ, ನಮ್ಮ ಕೆಂಪಿ ಏನಾರ ನಿಮ್ಮನೆ ಕಡೆ ಬಂತಾ?"