ನನ್ನ ಹೆಸರಲ್ಲಿ ಹೋಗುವ ಮೆಸೇಜ್‌ಗೆ ಉತ್ತರ ಕೊಡುವವರು ಯಾರು?

‘ಡೆಲಿವರ್ಡ್’ ಅಂತೆ. ಅಷ್ಟೇ ಉತ್ತರ. ಬೆಳಗ್ಗೆಯಿಂದ ಒಂದೊಂದೇ ವಿವರ ಬರೆದು, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದಕ್ಕೆ ನನ್ನ ಅಪಾಯಿಂಟ್‌ಮೆಂಟ್ ಆ್ಯಪ್‌ನ ಸಪೋರ್ಟ್‌ನವರ ಕಡೆಯಿಂದ ಬಂದಿದ್ದು ಇದೊಂದು ಪದ, ಪಕ್ಕದಲ್ಲಿ ಒಂದು ಹಸಿರು ಟಿಕ್. ಮೆಸೇಜ್ ತಲುಪಿದೆ, ಸಿಸ್ಟಮ್ ಸರಿಯಾಗಿದೆ, ಟಿಕೆಟ್, ಅಂದರೆ ನನ್ನ ದೂರು, ಕ್ಲೋಸ್. ತಲುಪಿದೆ ಅಂತ ನನಗೂ ಗೊತ್ತು ಸ್ವಾಮೀ! ತಲುಪಿದ್ದೇ ತೊಂದರೆ. ತಲುಪದೇ ಇದ್ದಿದ್ದರೆ ಮಂಡಿ ನೋವಿಗೆ ನನ್ನ ಹತ್ತಿರ ಬರುವ ಆ ಅಮ್ಮ ಸಂಜೆ ಮಗನ ಜೊತೆ ಆರಾಮಾಗಿ ಬರುತ್ತಿದ್ದರು.

ಅವರ ಸಮಯ ಬದಲಾಗಿತ್ತು. ಹತ್ತು ಗಂಟೆ ಬೇಡ, ಮಗ ಸಂಜೆ ಕರ್ಕೊಂಡು ಬರ್ತಾನೆ ಅಂತ ಅವರೇ ಫೋನ್ ಮಾಡಿದ್ದರು. ಫೋನ್ ಕಿವಿಯಲ್ಲಿರುವಾಗಲೇ ಆ್ಯಪ್‌ನಲ್ಲಿ ಐದು ಗಂಟೆಗೆ ಬದಲಾಯಿಸಿದ್ದೇನೆ. ಕ್ಯಾಲೆಂಡರ್‌ನಲ್ಲಿ ಈಗಲೂ ಐದು ಅಂತಲೇ ಇದೆ. ಬದಲಾಯಿಸಿದ ಕೂಡಲೇ ಐದು ಗಂಟೆ ಅಂತ ಒಂದು ಮೆಸೇಜ್ ಹೋಗಿದೆ, ಅದು ಸರಿ. ಆಮೇಲೆ ನಿನ್ನೆ ಸಂಜೆ ನೆನಪಿಸುವ ಮೆಸೇಜ್ ಹೋಗಿದೆಯಲ್ಲಾ, ಅದರಲ್ಲಿ ಹತ್ತು ಗಂಟೆ! ಎರಡು ಮೆಸೇಜ್ ಬಂದರೆ ಯಾರೇ ಆದರೂ ಯಾವುದನ್ನು ನಂಬುತ್ತಾರೆ? ಕೊನೆಗೆ ಬಂದಿದ್ದನ್ನೇ ಅಲ್ವಾ?

ನಾನು ಒಬ್ಬರ ಬೆನ್ನಿಗೆ ಬಿಸಿ ಪ್ಯಾಕ್ ಕಟ್ಟುತ್ತಿದ್ದೆ. ಬಾಗಿಲ ಹತ್ತಿರ ಏದುಸಿರು ಕೇಳಿಸಿತು. ನೋಡಿದರೆ ಅವರು. ಒಬ್ಬರೇ. ಒಂದು ಕೈ ಗೋಡೆ ಮೇಲೆ, ಇನ್ನೊಂದು ಕೈ ಮಂಡಿ ಮೇಲೆ. ಮೆಟ್ಟಿಲು ಹತ್ತಬೇಡಿ ಅಂತ ನಾನೇ ಹೇಳಿರುವ ಮಂಡಿ ಅದು, ಹತ್ತಲೇಬೇಕು ಅಂದರೆ ಯಾರಾದರೂ ಕೈ ಹಿಡಿದಿರಬೇಕು ಅಂತ ನಾನೇ ಹೇಳಿರೋದು. ‘ಅಮ್ಮಾ, ನಿಮ್ಮದು ಸಂಜೆ ಅಲ್ವಾ?’ ಅಂದೆ. ಅವರು ಏನೂ ಮಾತಾಡಲಿಲ್ಲ. ಬ್ಯಾಗಿನಿಂದ ಕರ್ಚೀಫು ತೆಗೆದು, ಅದರ ಗಂಟು ಬಿಚ್ಚಿ, ಒಳಗಿದ್ದ ಬಟನ್ ಫೋನ್ ತೆಗೆದರು. ಮೆಸೇಜ್ ಇಂಗ್ಲಿಷ್‌ನಲ್ಲಿತ್ತು. ಅವರಿಗೆ ಓದೋಕೆ ಬರಲ್ಲ. ಬೆಂಚಿನಲ್ಲಿ ಕೂತಿದ್ದ ಹುಡುಗನ ಕೈಗೆ ಕೊಟ್ಟು ‘ಸ್ವಲ್ಪ ಓದಪ್ಪಾ’ ಅಂದರು.

ಅವನು ಓದಿದ. ಜೋರಾಗಿ. ಟುಮಾರೋ, ಟೆನ್ ಎ ಎಂ. ಪ್ಲೀಸ್ ಬಿ ಆನ್ ಟೈಮ್. ಕೆಳಗೆ ನನ್ನ ಹೆಸರು.

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಅಮ್ಮ ಹೇಳಿದರು, ‘ಟೈಮಿಗೆ ಸರಿಯಾಗಿ ಬನ್ನಿ ಅಂತ ನೀವೇ ಹಾಕಿದ್ದೀರಂತೆ ಡಾಕ್ಟ್ರಮ್ಮಾ, ಮನೆ ಪಕ್ಕದವರು ಓದಿ ಹೇಳಿದ್ರು, ಅದಕ್ಕೇ ಮಗನ್ನ ಕಾಯದೆ ಒಬ್ಬಳೇ ಬಂದ್ಬಿಟ್ಟೆ.’ ನನಗೆ ಬಾಯೇ ಬರಲಿಲ್ಲ. ‘ಅದು ನಾನು ಕಳಿಸಿದ್ದಲ್ಲಮ್ಮ, ಕಂಪ್ಯೂಟರ್ ತಾನಾಗೇ ಕಳಿಸುತ್ತೆ’ ಅಂದೆ. ಬೆಂಚಿನ ಆ ತುದಿಯಿಂದ ಒಬ್ಬರು, ‘ಹೆಸರು ನಿಮ್ಮದೇ ಇದೆಯಲ್ರೀ’ ಅಂದರು. ಏನು ಹೇಳಲಿ? ಇದೆ. ನನ್ನದೇ ಹೆಸರು ಇದೆ.

ಅದಾದರೂ ಪರವಾಗಿಲ್ಲ. ಆ ಅಮ್ಮ ನನ್ನ ಹತ್ತಿರ ಕ್ಷಮೆ ಕೇಳಿದರು! ‘ನನಗೆ ಓದು ಬರಲ್ಲ ನೋಡಿ, ನಾನೇ ಏನೋ ತಪ್ಪು ತಿಳ್ಕೊಂಡಿರಬೇಕು’ ಅಂದರು. ಇದು ನನ್ನ ತಲೆಯಿಂದ ಹೋಗುತ್ತಾ ಇಲ್ಲ. ತಪ್ಪು ಮಾಡಿದ್ದು ಸಾಫ್ಟ್‌ವೇರ್, ಬೈಸಿಕೊಂಡಿದ್ದು ನಾನು, ಕ್ಷಮೆ ಕೇಳಿದ್ದು ಮಂಡಿ ನೋವಿನವರು. ‘ಡೆಲಿವರ್ಡ್’ ಅಂತ ಟಿಕ್ ಹಾಕಿದವರಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ಆ ಅಮ್ಮ ಇನ್ನೊಂದು ವಿಷಯ ಹೇಳಿದರು. ಎರಡು ಮೆಸೇಜ್ ಬಂತಲ್ಲ ಅಂತ ಅನುಮಾನ ಬಂದು, ಪಕ್ಕದ ಮನೆಯವರ ಕೈಲಿ ‘ಹತ್ತಾ ಐದಾ?’ ಅಂತ ಉತ್ತರ ಹಾಕಿಸಿದ್ದಾರೆ. ಯಾಕೆಂದರೆ ಮೆಸೇಜ್‌ನಲ್ಲೇ ಬರೆದಿದೆ, ಬದಲಾವಣೆ ಇದ್ದರೆ ಇದಕ್ಕೇ ಉತ್ತರಿಸಿ ಅಂತ. ಆದರೆ ಮೆಸೇಜ್ ಬಂದಿರೋದು ನಂಬರಿನಿಂದ ಅಲ್ಲ, ಅಕ್ಷರಗಳ ಹೆಸರಿನಿಂದ. ಅಂಥ ಹೆಸರಿಗೆ ಯಾರೂ ಉತ್ತರ ಕಳಿಸೋಕೆ ಆಗಲ್ಲ, ಅದರ ಹಿಂದೆ ಮೆಸೇಜ್ ತಗೊಳ್ಳುವ ನಂಬರೇ ಇರಲ್ಲ. ಉತ್ತರಿಸಿ ಅಂತ ಬರೆದವರೂ ಆ ಸಾಫ್ಟ್‌ವೇರ್‌ನವರೇ, ಉತ್ತರ ಬರದ ಹಾಗೆ ಇಟ್ಟವರೂ ಅವರೇ. ಪ್ರಪಂಚದ ಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ನೀಲ್ ಪ್ಯಾಪ್‌ವರ್ತ್ ಅನ್ನುವ ಇಂಜಿನಿಯರ್ ಕಂಪ್ಯೂಟರಿನಿಂದ ಕ್ರಿಸ್‌ಮಸ್ ಶುಭಾಶಯ ಕಳಿಸಿದ್ದು, ತಗೊಂಡವರ ಫೋನಿನಲ್ಲಿ ತಿರುಗಿ ಟೈಪ್ ಮಾಡೋಕೆ ದಾರಿಯೇ ಇರಲಿಲ್ಲ. ಆವತ್ತು ಇರಲಿಲ್ಲ, ಒಪ್ಪೋಣ. ಇಷ್ಟು ವರ್ಷ ಆದ ಮೇಲೂ ‘ಹತ್ತಾ ಐದಾ’ ಅಂತ ಕೇಳಿದ ಒಬ್ಬರಿಗೆ ಅದೇ ಗತಿ ಯಾಕೆ? ಅವರ ಫೋನಿನಲ್ಲಿ ‘ಹೋಗಲಿಲ್ಲ’ ಅಂತ ಬಂದಾಗ ಅವರು ಅಂದುಕೊಂಡಿದ್ದು ಫೋನ್ ಹಳೇದು, ಅದಕ್ಕೇ ಹೀಗೆ ಅಂತ.

ಯಾಕೆ ಹೀಗಾಗುತ್ತೆ ಅಂತ ನಾನೇ ಕೂತು ಹುಡುಕಿದೆ, ಸಪೋರ್ಟ್‌ನವರಂತೂ ಹೇಳಲ್ಲ. ಸಮಯ ಬುಕ್ ಮಾಡಿದ ಕೂಡಲೇ ಮೆಸೇಜ್ ತಯಾರಾಗುತ್ತೆ. ಹೆಸರು, ದಿನ, ಗಂಟೆ ಎಲ್ಲ ತುಂಬಿಸಿ ಸಾಲಿನಲ್ಲಿ ನಿಲ್ಲಿಸಿಬಿಡುತ್ತೆ. ಆಮೇಲೆ ಕ್ಯಾಲೆಂಡರ್‌ನಲ್ಲಿ ಏನೇ ಬದಲಾಯಿಸಿದರೂ ಸಾಲಿನಲ್ಲಿ ನಿಂತಿದ್ದಕ್ಕೆ ಅದು ಗೊತ್ತೇ ಆಗಲ್ಲ. ಕಳಿಸುವ ಹೊತ್ತಿಗೆ ಒಂದು ಸಲ ಕ್ಯಾಲೆಂಡರ್ ನೋಡಿಕೊಂಡು ಕಳಿಸಿದರೆ ಮುಗೀತು. ಇದು ದೊಡ್ಡ ವಿದ್ಯೆಯಾ? ಇನ್ನು ಫೋನ್ ಆಫ್ ಆಗಿದ್ದರೆ ನೆಟ್‌ವರ್ಕ್ ಆ ಮೆಸೇಜ್ ಇಟ್ಟುಕೊಂಡು, ಆನ್ ಆದಾಗ ಕೊಡುತ್ತೆ. ಅಷ್ಟರಲ್ಲಿ ಸಮಯ ಕಳೆದೇ ಹೋಗಿರಬಹುದು. ಅದಕ್ಕೂ ‘ಡೆಲಿವರ್ಡ್’ ಅಂತಲೇ ಟಿಕ್ ಬೀಳುತ್ತೆ. ಆ ಟಿಕ್ ಹೇಳೋದು ಫೋನಿಗೆ ಮುಟ್ಟಿತು ಅಂತ ಮಾತ್ರ. ಓದಿದರಾ, ಅರ್ಥ ಆಯ್ತಾ, ಅದರಲ್ಲಿರೋದು ನಿಜವಾ, ಇದ್ಯಾವುದನ್ನೂ ಹೇಳಲ್ಲ.

ಕನ್ನಡದಲ್ಲಿ ಕಳಿಸಿ ಅಂತ ಮೊದಲೇ ಕೇಳಿದ್ದೆ. ಆಗಲ್ಲ ಅನ್ನಲಿಲ್ಲ, ಜಾಸ್ತಿ ಕ್ರೆಡಿಟ್, ಅಂದರೆ ಮೆಸೇಜ್‌ಗೆ ಕಟ್ಟಿದ ದುಡ್ಡು, ಹೋಗುತ್ತೆ ಅಂದರು. ಅದು ನಿಜ. ಇಂಗ್ಲಿಷ್ ಆದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡ ಸೇರಿದ ತಕ್ಷಣ 70ಕ್ಕೆ ಇಳಿಯುತ್ತೆ, ಅದನ್ನು ದಾಟಿ ತುಂಡಾದರೆ ತುಂಡಿಗೆ 67 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಬನ್ನಿ’ ಅನ್ನುವ ಎರಡಕ್ಷರಕ್ಕೇ ಐದು ಕಳೆದುಹೋಗುತ್ತೆ. ಆದರೂ ‘ನಾಳೆ ಸಂಜೆ 5ಕ್ಕೆ ಬನ್ನಿ’ ಅನ್ನೋದು ಒಂದೇ ಎಸ್ಸೆಮ್ಮೆಸ್‌ನಲ್ಲಿ ಹಿಡಿಸಿ ಜಾಗ ಉಳಿಯುತ್ತೆ. ನಾನು ಎಣಿಸಿದ್ದೇನೆ. ಅವರ ಸಿದ್ಧ ಮಾದರಿಯಲ್ಲಿರುವ ಡಿಯರ್, ವ್ಯಾಲ್ಯೂಡ್ ಕ್ಲೈಂಟ್ ಎಲ್ಲ ಸೇರಿಸಿದರೆ ತಾನೇ ಉದ್ದ ಆಗೋದು! ನನ್ನ ಹತ್ತಿರ ಬರೋರಿಗೆ ಡಿಯರ್ ಬೇಡ, ಗಂಟೆ ಸರಿಯಾಗಿದ್ದರೆ ಸಾಕು. ‘ಪ್ಲೀಸ್ ಬಿ ಆನ್ ಟೈಮ್’ ಅಂತ ನಾನು ಜೀವಮಾನದಲ್ಲಿ ಯಾರಿಗೂ ಹೇಳಿದವಳಲ್ಲ. ನೋವಿರೋರು ನಿಧಾನಕ್ಕೇ ಬರೋದು.

ಇವತ್ತೇ ಕಿತ್ತು ಹಾಕುತ್ತೇನೆ ಅಂತ ಮಧ್ಯಾಹ್ನ ಸೆಟ್ಟಿಂಗ್ಸ್ ತೆಗೆದು ಕೂತೆ. ಆಫ್ ಮಾಡುವ ಬಟನ್ ಮೇಲೆ ಬೆರಳಿಟ್ಟಿದ್ದೆ. ಒತ್ತಲಿಲ್ಲ.

ಯಾಕೆಂದರೆ ಮೆಸೇಜ್ ಇಲ್ಲದೆ ಹೇಗಿತ್ತು ಅಂತ ನನಗೆ ನೆನಪಿದೆ. ಬೆಡ್ ಖಾಲಿ, ನಾನು ಗಡಿಯಾರ ನೋಡ್ತಾ ಕೂತಿರೋದು, ಅದೇ ಹೊತ್ತು ಬೇಕು ಅಂತ ಕೇಳಿದ ಇನ್ನೊಬ್ಬರನ್ನು ಆಗಲೇ ಬೇಡ ಅಂದಿರೋದು. ಸಪೋರ್ಟ್‌ನವರು ಹೇಳ್ತಾರೆ, ಮೆಸೇಜ್ ಹೋದರೆ ಬರೋರು ಜಾಸ್ತಿ ಆಗ್ತಾರೆ ಮೇಡಂ ಅಂತ. ಹೌದು, ಗೊತ್ತು. ಆಸ್ಪತ್ರೆ, ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ಬಗ್ಗೆ ಕೊಕ್ರೇನ್‌ನವರು, ಅಂದರೆ ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡುವ ಸಂಸ್ಥೆಯವರು, 2013ರಲ್ಲಿ ಮಾಡಿದ ಪರಿಶೀಲನೆ ಇದೆ. ಏನೂ ನೆನಪಿಸದೇ ಇದ್ದಾಗ ಬಂದವರು ಶೇಕಡಾ 67.8, ಮೆಸೇಜ್ ಕಳಿಸಿದಾಗ 78.6. ಅದೇ ಕಡೆ ಇನ್ನೊಂದು ಸಂಖ್ಯೆಯೂ ಇದೆ, ಅದನ್ನು ಇವರು ಹೇಳಲ್ಲ. ಫೋನ್ ಮಾಡಿ ನೆನಪಿಸಿದಾಗ 80.3. ಅಂದರೆ ಮನುಷ್ಯರು ಮಾತಾಡಿದರೂ ಅಷ್ಟೇ ಕೆಲಸ ಆಗುತ್ತೆ. ಫೋನಿನಲ್ಲಿ ‘ಹತ್ತಾ ಐದಾ’ ಅಂತ ಕೇಳಬಹುದು, ಕೇಳಿದರೆ ಉತ್ತರ ಸಿಗುತ್ತೆ.

ಹಾಗಾದರೆ ಫೋನ್ ಮಾಡು ಅಂತೀರಾ? ಯಾವಾಗ ಮಾಡಲಿ? ಕೈ ಒಬ್ಬರ ಭುಜದ ಮೇಲಿರುತ್ತೆ, ಎಣ್ಣೆ ಇರುತ್ತೆ, ಇಲ್ಲಿರೋದು ನಾನೊಬ್ಬಳು. ಕೂತು ಫೋನ್ ಮಾಡೋಕೆ ಒಬ್ಬರನ್ನು ಇಟ್ಟುಕೊಳ್ಳುವಷ್ಟು ಇದ್ದಿದ್ದರೆ ಈ ಸಾಫ್ಟ್‌ವೇರ್ ಯಾಕೆ ಬೇಕಿತ್ತು? ಸಣ್ಣ ಕೆಲಸದವರಿಗೆ ಅಂತಲೇ ಇದನ್ನು ಮಾರೋದು. ದೊಡ್ಡ ಆಸ್ಪತ್ರೆಯಿಂದ ತಪ್ಪು ಮೆಸೇಜ್ ಬಂದರೆ ಜನ ‘ಕಂಪ್ಯೂಟರ್ ಎಡವಟ್ಟು’ ಅಂತ ಬಿಟ್ಟುಬಿಡ್ತಾರೆ. ನನ್ನಂಥವರ ಹೆಸರಿನಲ್ಲಿ ಹೋದರೆ ಅದು ನಾನೇ ಆಡಿದ ಮಾತು. ಸುಮ್ನೆ ನಂಬಿ ಬರೋರು ಅವರು. ಆ ನಂಬಿಕೆ ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?

ಹೋಗಲಿ, ಒಂದು ಮೆಸೇಜ್ ತಾನೇ, ಇಷ್ಟಕ್ಕೆಲ್ಲ ಇಷ್ಟು ಬರೀಬೇಕಾ ಅಂತ ಒಮ್ಮೆ ಅನಿಸುತ್ತೆ. ಅಮ್ಮ ಕಾದು ಕೂತು, ಸಿಕ್ಕಿದ ಹೊತ್ತಿನಲ್ಲಿ ವ್ಯಾಯಾಮ ಮುಗಿಸಿ, ನಗುತ್ತಲೇ ಹೋದರು. ಮರುಕ್ಷಣ ಅವರು ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ನಿಂತಿದ್ದು ಕಣ್ಣಿಗೆ ಬಂದು ಮೈ ಉರಿಯುತ್ತೆ. ಬಿದ್ದಿದ್ದರೆ? ಬಿದ್ದಿದ್ದರೂ ಟಿಕ್ ಹಸಿರಾಗೇ ಇರುತ್ತಿತ್ತು.

ಇಂಥ ಸಾಫ್ಟ್‌ವೇರ್ ಮಾಡೋರು, ಮಾರೋರು, ಇದನ್ನೇ ಬಳಸುವ ಪಾರ್ಲರ್‌ನವರು, ಹಲ್ಲಿನ ಡಾಕ್ಟ್ರು, ಟ್ಯೂಷನ್‌ನವರು, ಯಾರಾದರೂ ಸರಿ, ಉತ್ತರ ಕೊಡಿ. ಸಮಯ ಬದಲಿಸಿದ ಮೇಲೆ ಹಳೇ ಮೆಸೇಜ್ ಸಾಯೋ ಹಾಗೆ ಮಾಡೋಕೆ ದಾರಿ ಇದೆಯಾ? ಹಳೇ ಬುಕಿಂಗ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದರೆ ಸಾಲಿನಲ್ಲಿರೋದು ಹೋಗುತ್ತಾ, ಅಥವಾ ಆಗಲೂ ಎರಡೂ ಹೋಗುತ್ತಾ? ನನ್ನ ಸ್ವಂತ ನಂಬರಿನಿಂದಲೇ ಹೋಗುವ ಹಾಗೆ, ಉತ್ತರ ನನಗೇ ಬರುವ ಹಾಗೆ ಮಾಡಿಕೊಂಡವರು ಯಾರಾದರೂ ಇದ್ದೀರಾ? ಸಪೋರ್ಟ್‌ನಲ್ಲಿ ಇದನ್ನೇ ಕೇಳಿದೆ. ಪ್ರತಿ ಸಲ ಬೇರೆ ಹೆಸರಿನವರು ಬಂದು ‘ಹೌ ಮೇ ಐ ಹೆಲ್ಪ್ ಯೂ’ ಅಂತ ಮೊದಲಿಂದ ಶುರು ಮಾಡ್ತಾರೆ.

ನಾಳೆಯವರಿಗೆ ಮೆಸೇಜ್ ಆರು ಗಂಟೆಗೆ ಹೋಗುತ್ತೆ. ಅವರಲ್ಲೂ ಸಮಯ ಬದಲಿಸಿಕೊಂಡವರಿದ್ದಾರೆ. ಅವರಿಗೆ ಹಳೇದು ಹೋಗುತ್ತಾ ಹೊಸದು ಹೋಗುತ್ತಾ ಅಂತ ಗೊತ್ತಿರೋರು ಆರರೊಳಗೆ ಹೇಳಿ.