ಎಂಟೊನಾಕ್ಸ್ ಮಲಗಿಸುವ ಗ್ಯಾಸ್ ಅಲ್ಲ

ಬ್ರಿಟನ್ನಿನಲ್ಲಿ ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ನಳಿಕೆ ತೂರಿಸಿ ನೋಡುವ ಪರೀಕ್ಷೆ) ಎಂಟೊನಾಕ್ಸ್ ಎಂಬ ಗ್ಯಾಸ್ ಕೊಟ್ಟು 'ರೋಗಿಯನ್ನು ಮಲಗಿಸುತ್ತಾರೆ' ಎಂದು ಒಂದು ಲೇಖನದಲ್ಲಿ ಬರೆದಿದ್ದಾರೆ. ಅದು ಸರಿಯಲ್ಲ. ಇದು ಶೇ. 50 ನೈಟ್ರಸ್ ಆಕ್ಸೈಡ್, ಶೇ. 50 ಆಮ್ಲಜನಕದ ಮಿಶ್ರಣ. ರೋಗಿ ಎಚ್ಚರವಾಗಿಯೇ ಇದ್ದು ನೋವು ಮಾತ್ರ ಮಂಕಾಗುತ್ತದೆ. ಮೌತ್‌ಪೀಸನ್ನು ರೋಗಿಯೇ ಹಿಡಿದು ಗ್ಯಾಸನ್ನು ಉಸಿರಿನೊಡನೆ ಎಳೆದುಕೊಳ್ಳಬೇಕು, ಉಸಿರು ಎಳೆದಾಗ ಮಾತ್ರ ವಾಲ್ವ್ ತೆರೆಯುತ್ತದೆ. ಮಂಪರು ಹೆಚ್ಚಾದರೆ ಕೈ ತಾನಾಗಿ ಜಾರುತ್ತದೆ, ಗ್ಯಾಸ್ ನಿಲ್ಲುತ್ತದೆ. ಆದ್ದರಿಂದ ನರ್ಸ್ ಆಗಲಿ, ಜೊತೆಗೆ ಬಂದವರಾಗಲಿ 'ಸಹಾಯ' ಅಂತ ಅದನ್ನು ಬಾಯಿಗೆ ಒತ್ತಿ ಹಿಡಿಯಲೇಬಾರದು.

'ಕೆಲಸವೇ ಮಾಡಲಿಲ್ಲ' ಎನ್ನುವವರಲ್ಲಿ ಹಲವರು ನೋವು ಶುರುವಾದ ಮೇಲೆ ಎಳೆಯಲು ತೊಡಗಿರುತ್ತಾರೆ. ಪೂರ್ತಿ ಪರಿಣಾಮಕ್ಕೆ ಒಂದೆರಡು ನಿಮಿಷ ಬೇಕು. ನಳಿಕೆ ಸಿಗ್ಮಾಯ್ಡ್ ತಿರುವಿಗೆ (ದೊಡ್ಡ ಕರುಳಿನ ಕೊನೆಯ ಡೊಂಕು ಭಾಗ) ಬರುವ ಮೊದಲೇ ನಿಧಾನವಾಗಿ, ಆಳವಾಗಿ ಎಳೆಯಲು ಹೇಳಬೇಕು. ಎಳೆಯುವುದನ್ನು ಬಿಟ್ಟರೆ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಮಿಡಜೋಲಮ್ ಎಂಬ ಮಂಪರು ಔಷಧ ಚುಚ್ಚಿದ ಹಾಗೆ ದಿನವಿಡೀ ತೂಕಡಿಕೆ ಇಲ್ಲ.

ಸಿಲಿಂಡರಿನದೂ ಒಂದು ಕಿತಾಪತಿ ಇದೆ. ಸುಮಾರು ಮೈನಸ್ 6 ಡಿಗ್ರಿಗಿಂತ ಕೆಳಗೆ ತಣ್ಣಗಾದರೆ ನೈಟ್ರಸ್ ದ್ರವವಾಗಿ ತಳ ಸೇರುತ್ತದೆ. ಆಗ ಮೊದಲು ಬರುವುದು ಬಹುತೇಕ ಆಮ್ಲಜನಕ, ನೋವು ತಗ್ಗದು. ಕೊನೆಗೆ ಬರುವುದು ಆಮ್ಲಜನಕ ತೀರಾ ಕಡಿಮೆಯಿರುವ ಗ್ಯಾಸ್, ಅದೇ ಅಪಾಯ. ಚಳಿಗಾಲದಲ್ಲಿ ಹೊರಗೆ ಇಟ್ಟಿದ್ದನ್ನು ನೇರ ಜೋಡಿಸದೆ, ಬೆಚ್ಚಗಾಗಿಸಿ ಬುಡಮೇಲು ಮಾಡಿ ಬೆರೆಸಬೇಕು.

ಶ್ವಾಸಕೋಶದ ಸುತ್ತ ಗಾಳಿ ತುಂಬಿದವರಿಗೆ, ಕರುಳು ಕಟ್ಟಿಕೊಂಡವರಿಗೆ, ಈಚೆಗೆ ಕಣ್ಣೊಳಗೆ ಗ್ಯಾಸ್ ಹಾಕಿಸಿಕೊಂಡವರಿಗೆ ಬೇಡವೇ ಬೇಡ: ನೈಟ್ರಸ್ ಅಂಥ ಪೊಳ್ಳುಗಳಿಗೆ ನುಗ್ಗಿ ಉಬ್ಬಿಸುತ್ತದೆ. ಬಾಯಿಂದ ನಳಿಕೆ ಇಳಿಸಿ ಜಠರ ನೋಡುವ ಗ್ಯಾಸ್ಟ್ರೋಸ್ಕೋಪಿಗೆ ಇದು ಅಷ್ಟಾಗಿ ಒದಗದು, ಬಾಯಲ್ಲಿ ನಳಿಕೆಯೇ ಇರುತ್ತದಲ್ಲ!