ಕೌನ್ಸೆಲಿಂಗ್‌ಗೆ ಲೈಸೆನ್ಸ್ ಕಡ್ಡಾಯ ಆಗಬೇಕೇ? ಪರ–ವಿರೋಧ

ಪರ

ವಿಜಯಪುರದಲ್ಲಿ ಝೆರಾಕ್ಸ್ ಅಂಗಡಿ ಪಕ್ಕ ಒಂದು ಖೋಲಿ ಹಿಡಿದು ‘ಆಪ್ತಸಮಾಲೋಚಕರು’ ಅಂತ ಬೋರ್ಡು ಹಾಕಲು ಏನು ಬೇಕು? ಬಾಡಿಗೆ, ಬೋರ್ಡು. ಮುಗೀತು. ಹಲ್ಲು ಕೀಳುವವರಿಗೆ ಡಿಗ್ರಿ ಕೇಳುತ್ತೇವೆ. ಸಾಯಬೇಕು ಅನಿಸುತ್ತಿದೆ ಎಂದು ಬಂದ ಹುಡುಗನನ್ನು ಮಾತ್ರ ಯಾರ ಮುಂದೆ ಬೇಕಾದರೂ ಕೂರಿಸುತ್ತೇವೆ.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿಗೆ 1992ರ ಪುನರ್ವಸತಿ ಪರಿಷತ್ ಕಾಯ್ದೆ ಇದೆ. ಕೌನ್ಸೆಲರ್‌ಗಳು ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಗೆ ಬಂದದ್ದು 2021ರಲ್ಲಿ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ!

ನೀಟ್ ಕೋಚಿಂಗ್ ಹುಡುಗ ಅತ್ತು ಹೇಳಿಕೊಂಡದ್ದು ಸಂಜೆಯೊಳಗೆ ಅಪ್ಪನ ಕಿವಿಗೆ ಬಿದ್ದರೆ ದೂರು ಯಾರಿಗೆ ಕೊಡಬೇಕು? ನೋಂದಣಿ ಇದ್ದರೆ ರದ್ದು ಮಾಡಬಹುದು. ಇಲ್ಲದ್ದನ್ನು ಏನಂತ ರದ್ದು ಮಾಡೋದು?

ವಿರೋಧ

ಧಾರವಾಡದ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ, ಬ್ರಿಟಿಷರ ಕಾಲದಲ್ಲಿ. ಆಮೇಲೆ ಬಂದ 1912ರ ಲ್ಯೂನಸಿ (ಹುಚ್ಚರ) ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶ, ವೈದ್ಯರ ಸರ್ಟಿಫಿಕೇಟು, ಎತ್ತರದ ಗೋಡೆ ಇವೇ ಜಾಸ್ತಿ. ಬ್ರಿಟಿಷರು ಹೋದ ಮೇಲೂ ಅದು ಹತ್ತಾರು ವರ್ಷ ನಡೆಯಿತು. ನಮ್ಮ ಕಡೆ ಈಗಲೂ ಜಗಳ ಬಂದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತಾರಲ್ವಾ? ಅಷ್ಟು ಹೆದರಿಸಿಟ್ಟ ಬಾಗಿಲಿಗೆ ಈಗ ಇನ್ನೊಂದು ಚಿಲಕ ಯಾಕೆ?

1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಬೇರೆ ದಾರಿ ಹಿಡಿಯಿತು. ಪಿಎಚ್‌ಸಿ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಗೆ ಬನ್ನಿ. ನೇಕಾರರ ಮನೆಯಲ್ಲಿ ಮುಂದೆ ಮಗ್ಗ, ಹಿಂದೆ ಒಲೆ, ನಡುವೆ ಅತ್ತೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡೂ ಬೇಡ. ಆದರೆ ಸೊಸೆ ಎಲ್ಲಿ ನಿಂತು ಮಾತಾಡಬೇಕು? (ಮಗ್ಗ ನಡೆಯುವಾಗ ಮಾತಾಡಿದರೆ ಯಾರಿಗೂ ಕೇಳಿಸಲ್ಲ, ನಿಜ. ಅವಳಿಗೂ ಕೇಳಿಸಲ್ಲ.) ಆ ಮನೆಗೆ ಹೋಗಿ ‘ಬಾ ಯವ್ವಾ, ಹೊರಗ ಕುಂಡ್ರೂಣು’ ಅಂತ ಕರೆದರೆ ಅತ್ತೆ ಸುಮ್ನಿರೋದು ಆಶಾ ಕಾರ್ಯಕರ್ತೆ ಬಂದಾಗ ಮಾತ್ರ. ಆ ಕಾರ್ಯಕರ್ತೆಗೆ, ಕಷ್ಟಕ್ಕೆ ಕಿವಿಗೊಡೋದನ್ನು ಕಲಿಸಿ. ಯಾವ ಕೇಸನ್ನು ಡಾಕ್ಟರ ಹತ್ತಿರ ಕಳಿಸಬೇಕು ಅನ್ನೋದನ್ನು ಅದಕ್ಕಿಂತ ಮೊದಲು ಕಲಿಸಿ.

ಫೀ ತಗೊಂಡು ಬೋರ್ಡು ಹಾಕುವವರಿಗೆ ಲೈಸೆನ್ಸ್ ಕೇಳಿ, ನನ್ನದೇನೂ ತಕರಾರಿಲ್ಲ. ಆದರೆ ಸೈಕಾಲಜಿಯಲ್ಲಿ ಎಂಎಸ್‌ಸಿ ಇಲ್ಲದವರು ಯಾರ ಕಷ್ಟವನ್ನೂ ಕೇಳಬಾರದು ಅಂತ ನಿಯಮ ಮಾಡೋದಾದರೆ, ಇಂಡಿ, ಸಿಂದಗಿಯಲ್ಲಿ ಮನೆ ಮಾಡಿಕೊಂಡಿರಲು ಒಪ್ಪುವ ಎಂಎಸ್‌ಸಿಯವರನ್ನೂ ಜೊತೆಗೇ ಕಳಿಸಿ.